ಗುಂಡಿ ಇಲ್ಲದ ಕೋಟು

ಚಳ್ಳಕೆರೆಯ ಮೈಲಾರಿ ಬೆನ್ನಿಗೊಂದು ಚೀಲ ಏರಿಸಿ, ಬರೀ ಬ್ರೆಡ್ಡು ತಿಂದುಕೊಂಡು ಇಪ್ಪತ್ತು ದಿನ ಯುರೋಪು ಸುತ್ತಿದ. ಅಜ್ಜ ತಾನೇ ನೇಯ್ದ ಕಂಬಳಿ ಕೊಟ್ಟು, "ಹಿಮದಾಗೆ ಹೊದ್ಕಂಡು ಒಂದು ಫೋಟೋ ಕಳ್ಸು ಮಗಾ" ಅಂದಿದ್ದ. ಮೈಲಾರಿಗೆ ನಾಚಿಕೆ. ಹಿಮದಲ್ಲಿ ಗಡಗಡ ನಡುಗಿದನೇ ಹೊರತು, ಚೀಲದ ಮೇಲೆ ಕಟ್ಟಿದ್ದ ಕಂಬಳಿ ಬಿಚ್ಚಲಿಲ್ಲ.

ವಾಪಸ್ ಹೊರಟಾಗ ವಿಮಾನದ ಬಾಗಿಲಲ್ಲಿ ಟೈ ಕಟ್ಟಿದ ಅಧಿಕಾರಿ ತಡೆದ. "ಚೀಲ ದಪ್ಪ ಆಯ್ತು. ದಂಡ ಕಟ್ಟು, ಇಲ್ಲ ಆ ಕಂಬಳಿ ಬಿಸಾಕು."

"ಮೈಮೇಲಿನ ಕೋಟಿಗೂ ದಂಡ ಐತಾ ಸ್ವಾಮಿ?"

"ಇಲ್ಲ."

ಮೈಲಾರಿ ಕುರಿ ಕಾಯುವವರಂತೆ ಕಂಬಳಿಯನ್ನು ಕೊಪ್ಪೆಯಾಗಿ ಮಡಚಿ, ತಲೆಯಿಂದ ಮೊಣಕಾಲವರೆಗೆ ಇಳಿಬಿಟ್ಟ. "ನಮ್ಮೂರ ಕೋಟು."

"ಗುಂಡಿ ಎಲ್ಲಿ?"

"ಕಿತ್ತೋಗ್ತವೆ ಅಂತ ನಮ್ಮಜ್ಜ ಹಾಕೇ ಇಲ್ಲ ಸ್ವಾಮಿ."

ಅಧಿಕಾರಿ ಸೋತು, ಕಂಬಳಿ ಮುಟ್ಟಿ ನೋಡಿದ. "ಬೆಚ್ಚಗಿದೆಯಾ?"

ಗೆದ್ದ ಮೈಲಾರಿಗೆ ನಗು ಬರಲಿಲ್ಲ. "ಬೆಚ್ಚಗೈತೆ ಸ್ವಾಮಿ. ಇವತ್ತೇ ಗೊತ್ತಾಗಿದ್ದು. ಈಗ ಫೋಟೋಕ್ಕೆ ಹಿಮ ಎಲ್ಲಿಂದ ತರ್ಲಿ?"