ಉಡಿಗಟ್ಟೆಯ ಹೆಸರು

ಧಾರವಾಡದ ಪಡುವಣಕ್ಕೆ, ಬಸರಿಕೊಪ್ಪದ ಗೌಡರ ಮಾವಿನ ತೋಟದ ನಡುವೆ ಒಂದು ಕಲ್ಲಿನ ಕಟ್ಟೆಯಿದೆ. ಬೇಸಿಗೆಯಲ್ಲಿ ಊರಿನ ಮುಕ್ಕಾಲು ಪಾಲು ಜನ ಅಲ್ಲೇ ಬಿದ್ದಿರುತ್ತಾರೆ. ಮುದುಕರು ನೆರಳಿಗೆ, ಮಕ್ಕಳು ಉದುರಿದ ಹಣ್ಣಿಗೆ, ಹೆಂಗಸರು ಶಾವಿಗೆ ಹೊಸೆಯುವ ನೆಪಕ್ಕೆ. ಅದಕ್ಕೆ ಉಡಿಗಟ್ಟೆ ಎಂದು ಹೆಸರು. ಮುತ್ತೈದೆಯರಿಗೆ ಉಡಿ ತುಂಬುವ ಜಾಗವಿರಬೇಕು, ಎಷ್ಟು ಮಂಗಳಕರ ಹೆಸರು ಎಂದು ಪರಊರಿನವರು ಮೆಚ್ಚಿಕೊಳ್ಳುತ್ತಾರೆ. ನಾವು ಹೂಂಗುಟ್ಟಿ ಸುಮ್ಮನಾಗುತ್ತೇವೆ. ನಿಜ ಹೇಳಲು ನಾಚಿಕೆ.

ಹಿಂದೆ ಒಮ್ಮೆ, ಈಗಿನ ಗೌಡರ ಅಜ್ಜನ ಅಜ್ಜ ಅಡಿವೆಪ್ಪಗೌಡರ ಕಾಲದಲ್ಲಿ, ಮಗಳನ್ನು ಕೊಟ್ಟ ಮನೆಯ ಹೊಸ ಬೀಗರು ಮಾವಿನಹಣ್ಣಿನ ಸೀಕರಣಿ ಊಟಕ್ಕೆ ತೋಟಕ್ಕೆ ಬಂದಿದ್ದರು ಎನ್ನುತ್ತಾರೆ. ಕಟ್ಟೆಯ ಪಕ್ಕದ ಮರದ ಹಣ್ಣಿಗೆ ಸುತ್ತಲಿನ ಹಳ್ಳಿಗಳಲ್ಲಿ ಸಾಟಿಯಿರಲಿಲ್ಲ. ಆ ವರ್ಷ ಫಸಲು ಕಡಿಮೆ. ಇದ್ದಷ್ಟೂ ಬೀಗರ ಎಲೆಗೇ ಬೀಳಬೇಕೆಂದು ಗೌಡರು ಕಟ್ಟಪ್ಪಣೆ ಮಾಡಿದ್ದರು. ತೋಟ ಕಾಯುವವನ ಹೆಂಡತಿ ಹೊಳೆವ್ವ ತುಂಬು ಬಸುರಿ. ಬೆಳಗಿನಿಂದ ಹಣ್ಣು ಆರಿಸಿ ತೊಳೆದುಕೊಟ್ಟವಳೂ ಅವಳೇ. ಅಂಥವಳನ್ನು ಬರಿಗೈಯಲ್ಲಿ ಕಳಿಸಲು ಗೌಡಸಾನಿ ನೀಲಗಂಗವ್ವನಿಗೆ ಮನಸ್ಸು ಬರಲಿಲ್ಲ. ಅಡಿಗೆಯ ಚಪ್ಪರದ ಹಿಂದೆ ಕೂರಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಕುಪ್ಪಸದ ಖಣ, ಅದರ ಮೇಲೆ ಅದೇ ಮರದ ಐದು ಹಣ್ಣು ಇಟ್ಟು ಸೆರಗಿನಲ್ಲಿ ಉಡಿ ತುಂಬಿದಳು. ಇದು ಹೆಂಗಸರ ವಿಷಯ, ಗಂಡನ ಕಿವಿಗೆ ಹಾಕಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ.

ಹೊಳೆವ್ವ ಉಡಿ ಹಿಡಿದುಕೊಂಡು ಕಟ್ಟೆಯ ಮುಂದೆ ಹಾದಾಗ ಬೀಗರು ಊಟಕ್ಕೆ ಕೂತಿದ್ದರು. ಸೆರಗಿನಿಂದ ಹಣ್ಣಿನ ವಾಸನೆ ಗೌಡರ ಮೂಗಿಗೆ ಬಡಿಯಿತು.

“ನಿಲ್ಲು. ಉಡ್ಯಾಗ ಏನೈತಿ?”

“ಉಡಿ ತುಂಬ್ಯಾರ್ರೀ ಗೌಡ್ರ. ಮನಿ ಮುಟ್ಟೂತನಕ ಬಿಚ್ಚಬಾರದ್ರೀ.”

ಒಳ್ಳೆಯ ನೆಪ ಹುಡುಕಿದ್ದಾಳೆ ಎಂದು ಬೀಗರಲ್ಲಿ ಯಾರೋ ನಕ್ಕರಂತೆ. ಆ ನಗು ಕೇಳಿದ ಮೇಲೆ ಗೌಡರು ಹಿಂದೆ ಸರಿಯುವ ಆಸಾಮಿಯಲ್ಲ. ಬಿಚ್ಚು ಎಂದರು, ಮತ್ತೆ ಗದರಿದರು. ಹೊಳೆವ್ವ ಸೆರಗು ಬಿಟ್ಟಳು. ಹಣ್ಣಿನ ಜೊತೆ ಅಕ್ಕಿ, ಅರಿಷಿಣ, ಖಣ ಎಲ್ಲವೂ ಕಟ್ಟೆಯ ಬುಡಕ್ಕೆ ಬಿದ್ದವು. ಅಕ್ಕಿ ಕಂಡ ಕೂಡಲೇ ಅದು ನಿಜವಾದ ಉಡಿಯೆಂದು ಕೂತವರಿಗೆಲ್ಲ ತಿಳಿಯಿತು. ಚಪ್ಪರದಿಂದ ಓಡಿಬಂದ ನೀಲಗಂಗವ್ವ, “ಅಕಿಗೆ ಉಡಿ ತುಂಬಿದಾಕಿ ನಾನು” ಎಂದಷ್ಟೇ ಹೇಳಿ ಮುಖ ಮುಚ್ಚಿಕೊಂಡಳು. ಬಸುರಿಯ ಉಡಿ ಬರಿದು ಮಾಡಿಸುವುದೆಂದರೆ ನಮ್ಮಲ್ಲಿ ಶಾಪ ಹಾಕಿದ ಹಾಗೆ. ಬೇಡ ಎನ್ನಬಹುದಾಗಿದ್ದ ಒಂದು ಪಂಕ್ತಿ ಗಂಡಸರು ಅಲ್ಲಿದ್ದರು. ನಮ್ಮ ಹಿರಿಯರೂ ಇದ್ದರು, ಸೀಕರಣಿಯ ಬಟ್ಟಲು ಕೈಯಲ್ಲಿ ಹಿಡಿದುಕೊಂಡು. ಹೊಳೆವ್ವ ಒಂದು ಕಾಳನ್ನೂ ಆರಿಸಿಕೊಳ್ಳದೆ ನಡೆದಳು. ಸಂಜೆಯೊಳಗೆ ಗಂಡ ಹೆಂಡತಿ ಊರು ಬಿಟ್ಟು ಅವಳ ತವರು ಸೇರಿದರು.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು ಎಂದು ಸುದ್ದಿ ಬಂದ ಮೇಲಷ್ಟೇ ಗೌಡರು ನೆಟ್ಟಗೆ ಉಂಡರಂತೆ. ಹೆಂಡತಿಯನ್ನು ಕರೆದುಕೊಂಡು, ಮತ್ತೆ ಉಡಿ ತುಂಬಲು ಸಾಮಾನು ಹೊತ್ತುಕೊಂಡು ಅಲ್ಲಿಗೆ ಹೋದರು. ಹೊಳೆವ್ವ ಕಂಬಳಿ ಹಾಸಿದಳು, ಬೆಲ್ಲ ನೀರು ಕೊಟ್ಟಳು. ಉಡಿ ಮಾತ್ರ ಒಡ್ಡಲಿಲ್ಲ.

“ನನ್ನ ಉಡಿ ಎಲ್ಲಾರೂ ನೋಡ್ಯಾರ್ರೀ ಗೌಡ್ರ. ನಿಮ್ಮದು ಯಾರೂ ನೋಡಿಲ್ಲ.”

ಮರುವರ್ಷ ಗೌಡರು ಅದೇ ಬೀಗರನ್ನು ಕರೆಸಿದರು. ಊಟಕ್ಕೆ ಮೊದಲು ಕಟ್ಟೆ ಹತ್ತಿ, ತಮ್ಮ ಧೋತರದ ಚುಂಗನ್ನು ಉಡಿಯಂತೆ ಎತ್ತಿ ಹಿಡಿದು, ಎಲ್ಲರೆದುರು ಬಿಚ್ಚಿ ಕೊಡವಿದರು. ಒಳಗೆ ಏನೂ ಇರಲಿಲ್ಲ.

ಈಗಲೂ ಮೊದಲ ಹಣ್ಣಿನ ದಿನ ಆ ಮನೆಯ ಹಿರಿಯ ಗಂಡಸು ಹಾಗೆಯೇ ಕಟ್ಟೆಯ ಮೇಲೆ ನಿಂತು ಖಾಲಿ ಉಡಿ ಕೊಡವುವುದನ್ನು ಹೋದವರು ನೋಡಬಹುದು. ಗೊತ್ತಿಲ್ಲದವರು ನಗುತ್ತಾರೆ, ಊರವರು ನೆಲ ನೋಡುತ್ತಾರೆ. ಹೊಳೆವ್ವನ ವಂಶದವರಿಗೆ ಪ್ರತಿ ವರ್ಷ ಕರೆ ಹೋಗುತ್ತದೆ. ಇದುವರೆಗೆ ಯಾರೂ ಬಂದಿಲ್ಲ.