ಹಿಪ್ಪೆ ಮರದ ಬಿಟ್ಟಿ ಕಾವಲು

ಒಂದು ಕಾಡಿನಲ್ಲಿ ಹಳೆಯ ಹಿಪ್ಪೆ ಮರವಿತ್ತು. ಅದರ ಪೊಟರೆಯಲ್ಲಿ ಒಂದು ತಾಯಿ ಅಳಿಲು ತನ್ನ ಮರಿ ಚಿಟುಕಿಯೊಂದಿಗೆ ವಾಸವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಕೊಂಬೆ ಮುರಿದು ಬಿದ್ದು ಗಂಡಳಿಲು ಸತ್ತುಹೋಗಿತ್ತು. ಅದು ಇದ್ದಾಗ ತಾಯಿ ಅಳಿಲು ಬೆಳಿಗ್ಗೆ, "ಅತ್ತಿ ಮರಕ್ಕೆ ಹೋಗಿ ಬರ್ತೀನಿ" ಎಂದು ಹೇಳಿ ಹೊರಡುತ್ತಿತ್ತು. "ಹ್ಞೂಂ, ಹೋಗಿ ಬಾ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಈಗಲೂ ಅದು ಹೇಳಿಯೇ ಹೊರಡುತ್ತಿತ್ತು. ಆ ಹೊತ್ತಿಗೆ ಚಿಟುಕಿ ನಿದ್ದೆಯಲ್ಲಿರುತ್ತಿತ್ತು. ಉತ್ತರ ಬರುತ್ತಿರಲಿಲ್ಲ.

ಒಂದು ದಿನ ಪೊಟರೆಯ ಬಾಯಿಗೆ ಒಂದು ಹಲ್ಲಿ ಬಂದಿತು.

"ಅಕ್ಕಾ, ಒಂದು ಮೂಲೆ ಕೊಡ್ತೀಯಾ? ನಿನ್ನ ಮನೆಯ ಇರುವೆ, ಸೊಳ್ಳೆ ಎಲ್ಲ ತಿಂದು ಹಾಕ್ತೀನಿ. ನೀನಿಲ್ಲದಾಗ ಮಗುವಿಗೂ ಕಾವಲಾಯ್ತು."

"ಅದಕ್ಕೆ ನಾನೇನು ಕೊಡಬೇಕು?"

"ಏನೂ ಬೇಡ. ಎಲ್ಲಾ ಬಿಟ್ಟಿ."

ಅಳಿಲು ಒಪ್ಪಿತು. ಮರುದಿನ ಬೆಳಿಗ್ಗೆ ಎಂದಿನಂತೆ, "ನೇರಳೆ ಮರಕ್ಕೆ ಹೋಗಿ ಬರ್ತೀನಿ" ಎಂದಿತು. ಮೂಲೆಯಿಂದ "ಲೊಚ್ ಲೊಚ್" ಎಂದು ಸದ್ದು ಬಂದಿತು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಎಂದು ಅಳಿಲಿನ ಅಜ್ಜಿ ಹೇಳುತ್ತಿತ್ತು. ಹಾಗಾದರೆ ಹೋದವಳು ತಿರುಗಿ ಬಂದೇ ಬರುತ್ತೇನೆ, ಎಂದುಕೊಂಡಿತು ಅಳಿಲು. ಬಹಳ ದಿನಗಳ ಮೇಲೆ ಅದರ ಎದೆ ಹಗುರವಾಯಿತು.

ಆದರೆ ಆಮೇಲೆ ಅರ್ಥವಾಗದ ಸಂಗತಿಗಳು ನಡೆಯತೊಡಗಿದವು. ಅಳಿಲು ಹತ್ತಿರದ ಮರಕ್ಕೆ ಹೋದ ದಿನ ಏನೂ ಆಗುತ್ತಿರಲಿಲ್ಲ. ದೂರ ಹೋದ ದಿನ ಮಾತ್ರ ಕಾಡುಬೆಕ್ಕು ಬಂದು ಪೊಟರೆಯೊಳಗೆ ಪಂಜ ಹಾಕುತ್ತಿತ್ತು. ಚಿಟುಕಿಯನ್ನು ಎಡಕ್ಕೆ ಮಲಗಿಸಿದರೆ ಪಂಜ ಎಡಕ್ಕೆ ಬರುತ್ತಿತ್ತು. ಬಲಕ್ಕೆ ಮಲಗಿಸಿದರೆ ಬಲಕ್ಕೆ. ಅಳಿಲು ಕಡ್ಡಿ ಜೋಡಿಸಿ ಬಾಗಿಲನ್ನು ಕಿರಿದು ಮಾಡಿತು. ಬೆಕ್ಕು ಸಡಿಲವಾದ ಕಡ್ಡಿಯನ್ನೇ ಹುಡುಕಿ ಎಳೆದು ಹಾಕಿತು. ಒಂದು ಸಂಜೆ ಅಳಿಲು ಬಂದು ನೋಡಿದಾಗ ಚಿಟುಕಿಯ ಬಾಲದ ತುದಿಯಲ್ಲಿ ರೋಮವೇ ಇರಲಿಲ್ಲ. ಪಂಜ ಇನ್ನೊಂದು ಉಗುರಿನಷ್ಟು ಒಳಗೆ ಬಂದಿದ್ದರೆ ಮರಿಯೂ ಇರುತ್ತಿರಲಿಲ್ಲ.

ಬೆಕ್ಕಿಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ? ಅಳಿಲಿಗೆ ತಲೆ ಬುಡ ತಿಳಿಯಲಿಲ್ಲ. ಹೊರಗೆ ಮರಕುಟಿಗ ಟೊಕ್ ಟೊಕ್ ಎಂದು ಕುಟ್ಟುತ್ತಿತ್ತು. ಅಳಿಲು ಅದರ ಮೇಲೆ ಸಂಶಯಪಟ್ಟಿತು.

"ದಿನವಿಡೀ ನನ್ನ ಗೋಡೆಗೆ ಕಿವಿಕೊಟ್ಟು ಕೂರ್ತೀಯಲ್ಲ, ಯಾರಿಗೆ ಸುದ್ದಿ ಒಯ್ತೀಯ?"

"ನಾನು ಹುಳ ಹುಡುಕ್ತಿದೀನಿ, ತಂಗಿ. ಕದ್ದು ಕೇಳೋನು ಇಷ್ಟು ಸದ್ದು ಮಾಡ್ತಾನಾ? ನನ್ನಿಂದ ಇಡೀ ಕಾಡಿಗೇ ತಲೆನೋವು."

ಅಳಿಲಿಗೆ ಅದೂ ಸರಿ ಎನಿಸಿತು. ಮತ್ತೆ ಗೊಂದಲವಾಯಿತು. ಒಳಗೆ ಹೋಗಿ, "ಮರಕುಟಿಗನೇ ಕಳ್ಳ ಇರಬೇಕು" ಎಂದು ಗಟ್ಟಿಯಾಗಿ ಹೇಳಿ ನೋಡಿತು. "ಲೊಚ್ ಲೊಚ್" ಎಂದಿತು ಹಲ್ಲಿ. ಅಳಿಲು ಮರಕುಟಿಗನನ್ನು ಮರದಿಂದ ಓಡಿಸಿಬಿಟ್ಟಿತು.

ಮರುದಿನವೂ ಬೆಕ್ಕು ಬಂದಿತು.

ಅಳಿಲು ಹೊರಗೆ ಹೋಗುವುದನ್ನೇ ಬಿಟ್ಟು ಮರಿಯ ಪಕ್ಕ ಕುಳಿತುಕೊಂಡಿತು. ಹಸಿವೆಯಾಗುತ್ತಿತ್ತು. ಎದುರಿನ ಗೋಡೆಯ ಮೇಲೆ ಇರುವೆಗಳ ಸಾಲು ಹೋಗುತ್ತಿತ್ತು. ಸಾಲು ಹಲ್ಲಿಯ ಮೂತಿಯ ಕೆಳಗೇ ಹಾದು ಹೋಯಿತು. ಹಲ್ಲಿ ಕಣ್ಣೆತ್ತಿಯೂ ನೋಡಲಿಲ್ಲ. ಅದರ ಹೊಟ್ಟೆ ಅತ್ತಿ ಹಣ್ಣಿನಂತೆ ಉಬ್ಬಿತ್ತು.

"ಅಮ್ಮ, ಹಲ್ಲಿಮಾಮ ಇಲ್ಲೇನೂ ತಿನ್ನಲ್ಲ," ಎಂದು ಚಿಟುಕಿ ಅಮ್ಮನ ಕಿವಿಯಲ್ಲಿ ಹೇಳಿತು. "ನೀನು ಹೋದ ಮೇಲೆ ಹೊರಗೆ ಹೋಗಿ ಉಂಡು ಬರ್ತಾನೆ."

ನನ್ನ ಮನೆಯ ಕೆಲಸದವನಿಗೆ ಊಟ ಹಾಕುವವರು ಯಾರು? ಅಳಿಲು ಬಹಳ ಹೊತ್ತು ಅದನ್ನೇ ಯೋಚಿಸಿತು. ಹಲ್ಲಿಗೆ ಏನೂ ಹೇಳಲಿಲ್ಲ.

ಬೆಳಿಗ್ಗೆ ಎಂದಿನ ದನಿಯಲ್ಲೇ, "ಇಲ್ಲಿ ಭಯ ಚಿಟುಕಿ. ನಿನ್ನನ್ನ ಮತ್ತಿ ಮರದ ಪೊಟರೆಯಲ್ಲಿ ಮಲಗಿಸಿ, ನಾನು ನೇರಳೆ ಮರಕ್ಕೆ ಹೋಗಿ ಬರ್ತೀನಿ" ಎಂದಿತು.

"ಲೊಚ್ ಲೊಚ್."

ಅಳಿಲು ಮರಿಯನ್ನು ಕಚ್ಚಿಕೊಂಡು ಹೊರಬಂದು, ಮೇಲಿನ ಕೊಂಬೆಯ ಎಲೆಗಳ ಮರೆಯಲ್ಲಿ ಅವಿತುಕೊಂಡಿತು. ಸ್ವಲ್ಪ ಹೊತ್ತಿಗೆ ಹಲ್ಲಿ ಪೊಟರೆಯ ಹಿಂದಿನ ಬಿರುಕಿನಿಂದ ನುಸುಳಿ, ಕೆಳಗಿನ ಪೊದೆಗೆ ಇಳಿಯಿತು. ಅಲ್ಲಿ ಕಾಡುಬೆಕ್ಕು ಮಲಗಿತ್ತು. ಅದು ತಿಂದು ಬಿಟ್ಟ ಮಾಂಸಕ್ಕೆ ನೊಣಗಳು ಮುತ್ತಿದ್ದವು. ಹಲ್ಲಿ ನೊಣ ಹಿಡಿಯುತ್ತಾ, "ಅಣ್ಣಾ, ಮರಿ ಇವತ್ತು ಮತ್ತಿ ಮರದಲ್ಲಿ. ತಾಯಿ ದೂರ ಹೋಗ್ತಾಳೆ" ಎಂದಿತು.

"ಪೊಟರೆ ದೊಡ್ಡದಾ?"

"ದೊಡ್ಡದೇ ಇರುತ್ತೆ, ಅಣ್ಣಾ."

ಮತ್ತಿ ಮರದ ಪೊಟರೆಯಲ್ಲಿ ಒಂದು ಮುದಿ ಉಡ ಇತ್ತು. ಅದು ಸುತ್ತಲಿನ ಎಲ್ಲರಿಗೂ ಗೊತ್ತಿತ್ತು. ಒಂದೇ ಮನೆಗೆ ಕಿವಿಕೊಟ್ಟು ಕುಳಿತ ಹಲ್ಲಿಗೂ ಅದರ ಮಾತನ್ನೇ ನಂಬಿದ ಬೆಕ್ಕಿಗೂ ಮಾತ್ರ ಗೊತ್ತಿರಲಿಲ್ಲ. ಬೆಕ್ಕು ಅಲ್ಲಿಗೆ ಹೋಗಿ ಹೆಗಲವರೆಗೆ ಕಾಲು ತೂರಿಸಿತು. ಉಡ ಕಚ್ಚಿ ಹಿಡಿಯಿತು. ಉಡದ ಪಟ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಬಿಸಿಲು ನೆತ್ತಿಗೇರುವವರೆಗೂ ಬೆಕ್ಕು ಅಲ್ಲೇ ಒದ್ದಾಡಿ, ಕೊನೆಗೆ ಕುಂಟುತ್ತಾ ಪೊದೆಗೆ ಬಂದಿತು.

"ನನಗೇ ಸುಳ್ಳು ಹೇಳ್ತೀಯಾ?"

"ಅವಳು ಹೇಳಿದ್ದನ್ನೇ ಹೇಳಿದೆ, ಅಣ್ಣಾ."

ಬೆಕ್ಕು ಇನ್ನೊಂದು ಮುಂಗಾಲಿನಿಂದ ಬಡಿಯಿತು. ಹಲ್ಲಿಯ ಬಾಲ ಕಳಚಿ ಬಿದ್ದು ಕುಣಿಯಿತು. ಹಲ್ಲಿ ಓಡಿತು. ಬೆಕ್ಕು ಆ ಕಾಡನ್ನೇ ಬಿಟ್ಟಿತು.

ಅಳಿಲು ಪೊಟರೆಯ ಮೂಲೆ ಮೂಲೆ ಹುಡುಕಿ, ಹಿಂದಿನ ಬಿರುಕಿಗೆ ಅಂಟು ಮೆತ್ತಿತು. ಆಮೇಲೆ ಮರಕುಟಿಗನ ಬಳಿಗೆ ಹೋಯಿತು.

"ತಪ್ಪಾಯ್ತು, ಅಣ್ಣಾ. ಆಗಾಗ ಬಂದು ನಮ್ಮ ಗೋಡೆ ಕುಟ್ಟಿ ನೋಡ್ತೀಯಾ? ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಹೇಳು."

"ತಲೆನೋವು ಬರುತ್ತೆ, ನೋಡು."

"ಬರಲಿ."

ಮರುದಿನ ಬೆಳಿಗ್ಗೆ ಅಳಿಲು ಬಾಗಿಲಲ್ಲಿ ನಿಂತು, "ಹೋಗಿ ಬರ್ತೀನಿ" ಎಂದಿತು. ಎಲ್ಲಿಗೆಂದು ಹೇಳಲಿಲ್ಲ. ಮೂಲೆಯಿಂದ ಸದ್ದು ಬರಲಿಲ್ಲ. ಅಳಿಲು ಒಂದು ಕ್ಷಣ ಹಾಗೇ ನಿಂತಿತು.

"ಹ್ಞೂಂ, ಹೋಗಿ ಬಾ ಅಮ್ಮ," ಎಂದಿತು ಚಿಟುಕಿ, ನಿದ್ದೆಗಣ್ಣಿನಲ್ಲೇ.

ನೀತಿ: ಮನೆಯೊಳಗಾಗಲಿ, ಮನೆಯ ಕಂಪ್ಯೂಟರಿನೊಳಗಾಗಲಿ, ಬಿಟ್ಟಿಯಾಗಿ ಬಂದದ್ದನ್ನು ಸೇರಿಸಿಕೊಳ್ಳುವ ಮೊದಲು ಅದರ ಹೊಟ್ಟೆ ತುಂಬಿಸುವವರು ಯಾರೆಂದು ವಿಚಾರಿಸಬೇಕು.