ಹುಲಿಗೆಮ್ಮ ತಿರುಪು ಇಳಿಸಿದ್ದು

ತುಂಗಭದ್ರೆಯ ದಂಡೆಯಲ್ಲಿ ಅಗಲವಾದ ಒಂದು ಬಂಡೆ. ಅದರ ಪಕ್ಕದಲ್ಲಿ ಮೌನೇಶಾಚಾರ್ಯರ ತಗಡಿನ ಶೆಡ್ಡು.

ರಿಮೋಟಿನಿಂದ ಓಡುವ ಪುಟ್ಟ ಕಾರುಗಳನ್ನು ಕಟ್ಟುವುದು, ಓಡಿಸುವುದು ಅವರ ವಿದ್ಯೆ. ಕಲಿಯಲು ಹಲವರು ಬಂದಿದ್ದರು. ಉಳಿದವಳು ಹುಲಿಗೆಮ್ಮ ಒಬ್ಬಳೇ.

ಆರು ವರ್ಷಗಳಲ್ಲಿ ಅವಳ ಕೈಗೆ ಚೆನ್ನಾಗಿ ಹತ್ತಿದ್ದು ಸರ್ವೊ ಕೂರಿಸುವ ಕೆಲಸ. ಮುಂದಿನ ಚಕ್ರಗಳನ್ನು ಎಡಕ್ಕೆ, ಬಲಕ್ಕೆ ಹೊರಳಿಸುವ ಪುಟ್ಟ ಮೋಟಾರು ಅದು. ರಿಮೋಟಿನ ಕಡ್ಡಿ ಕೂದಲೆಳೆಯಷ್ಟು ಅಲುಗಿದರೂ ಅದಕ್ಕೆ ತಿಳಿಯುತ್ತದೆ.

ಪ್ರತಿದಿನ ಬೆಳಿಗ್ಗೆ ಗುರುಗಳು ತಾವೇ ಕಟ್ಟಿದ ಕೆಂಪು ಕಾರನ್ನು ಬಂಡೆಯ ಮೇಲೆ ಓಡಿಸುತ್ತಿದ್ದರು. ಬಂಡೆ ಮುಗಿದಲ್ಲಿ ನೀರು. ಅಲ್ಲಿಯವರೆಗೆ ಹೋಗಿ, ಪೂರ್ತಿ ತಿರುಗಿಸಿ, ವಾಪಸು ತರುತ್ತಿದ್ದರು.

ಒಂದು ದಿನ ಕಾರು ನೆಟ್ಟಗೆ ಹೋಗಲಿಲ್ಲ. ಅತ್ತಿತ್ತ ವಾಲಾಡುತ್ತ ಹೋಯಿತು.

"ತಪ್ಪು ಎಲ್ಲಿದೆ ನೋಡು," ಎಂದರು ಗುರುಗಳು.

ಹುಲಿಗೆಮ್ಮ ಬಿಚ್ಚಿ ನೋಡಿದಳು. ಸರ್ವೊದ ಹಲ್ಲುಗಳು ಸವೆದಿರಲಿಲ್ಲ. ಚಕ್ರಗಳು ಸರಿಯಾಗಿ ನಡುವಿಗೆ ನಿಂತಿದ್ದವು. ಆದರೂ ಹೊಸ ಸರ್ವೊ ಹಾಕಿದಳು.

ಮರುದಿನವೂ ಕಾರು ವಾಲಾಡಿತು.

ಗುರುಗಳು ಸ್ನಾನಕ್ಕೆ ಹೋದಾಗ ಅವಳೇ ರಿಮೋಟ್ ಹಿಡಿದಳು. ಕಾರು ದಾರ ಹಿಡಿದಂತೆ ನೆಟ್ಟಗೆ ಹೋಗಿ ಬಂತು.

ಆಮೇಲೆ ಅವರು ಚಹಾ ಕುಡಿಯಲು ಕೂತಾಗ ಅವರ ಬೆರಳುಗಳನ್ನು ನೋಡಿದಳು. ಅರ್ಧ ಲೋಟ ಚಹಾ, ಆದರೂ ತುಳುಕುತ್ತಿತ್ತು.

ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ರಿಮೋಟಿನ ಮೇಲೆ ಬೆರಳಲ್ಲಿ ತಿರುಗಿಸುವ, ಸುತ್ತ ಗೆರೆಗಳಿದ್ದ ಒಂದು ಸಣ್ಣ ತಿರುಪು ಇತ್ತು. ಕಡ್ಡಿ ತಳ್ಳಿದರೆ ಚಕ್ರ ಎಷ್ಟು ಹೊರಳಬೇಕು ಎಂಬುದನ್ನು ಹೇಳುವ ತಿರುಪು. ಅವಳು ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಳು. ಇನ್ನು ಬೆರಳು ನಡುಗಿದರೂ ಚಕ್ರಕ್ಕೆ ಅಷ್ಟಾಗಿ ತಾಗುವುದಿಲ್ಲ. ಒಂದು ಸ್ಕ್ರೂ ಸಡಿಲವಾಗಿತ್ತು, ಬಿಗಿ ಮಾಡಿದ್ದೇನೆ ಎಂದು ಗುರುಗಳಿಗೆ ಹೇಳಿದಳು.



ಮರುದಿನ ಬೆಳಿಗ್ಗೆ ಕಾರು ನೆಟ್ಟಗೆ ಹೋಯಿತು. ಹುಲಿಗೆಮ್ಮನಿಗೆ ಮನಸ್ಸು ಹಗುರಾಯಿತು. ಬಂಡೆಯ ಕೊನೆ ಬಂತು. ಗುರುಗಳು ಕಡ್ಡಿಯನ್ನು ಪೂರ್ತಿ ಎಳೆದರು. ಚಕ್ರಗಳು ಅರ್ಧ ಹೊರಳಿ ನಿಂತವು. ಕಾರು ನೀರಿಗೆ ಬಿತ್ತು.

ಅವಳು ಎದೆಮಟ್ಟದ ನೀರಿಗೆ ಇಳಿದು, ಕಾಲಲ್ಲಿ ತಡಕಿ, ಅದನ್ನು ಎತ್ತಿ ತಂದಳು. ಬ್ಯಾಟರಿ ಕೆಟ್ಟಿತ್ತು. ಸರ್ವೊದ ಒಳಗೆಲ್ಲ ಕೆಸರು.

ಅಷ್ಟರಲ್ಲಿ ಗುರುಗಳು ರಿಮೋಟನ್ನು ತಿರುಗಿಸಿ ನೋಡುತ್ತಿದ್ದರು.

"ಇದನ್ನು ಇಳಿಸಿದವರು ಯಾರು?"

"ನಾನೇ, ಗುರುಗಳೇ. ಸರ್ವೊದಲ್ಲಿ ತಪ್ಪಿರಲಿಲ್ಲ."

"ಮತ್ತೆ ಎಲ್ಲಿತ್ತು?"

ಅವಳ ಬಟ್ಟೆಯಿಂದ ನೀರು ಇಳಿಯುತ್ತಿತ್ತು.

"ನಿಮ್ಮ ಕೈಯಲ್ಲಿ."

"ನಾನು ಕೇಳಿದ್ದು ಅದನ್ನೇ," ಎಂದರು ಗುರುಗಳು.

ಹೇಳಿದರೆ ನೀವು ಕಾರು ಓಡಿಸುವುದನ್ನೇ ಬಿಟ್ಟುಬಿಡುತ್ತೀರಿ ಎಂದು ಹೆದರಿದೆ ಎಂದಳು ಅವಳು. ಗುರುಗಳು ಒಣಬಟ್ಟೆ ಉಟ್ಟುಕೊಂಡು ಬಾ ಎಂದು ಕಳಿಸಿದರು.

ಕಾರು ಒಣಗಲು, ಸರಿಯಾಗಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಗುರುಗಳು ತಿರುಪನ್ನು ಪೂರ್ತಿ ಮೇಲೆ ಏರಿಸಿದರು. ಕಾರನ್ನು ಬಂಡೆಯ ಮೇಲೆ ಇಟ್ಟು, ಮೊದಲಿಗಿಂತ ನಿಧಾನವಾಗಿ ಬಿಟ್ಟರು.

ಅದು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ. ನೋಡುತ್ತಾ ನಿಲ್ಲಲು ಹುಲಿಗೆಮ್ಮನಿಗೆ ಕಷ್ಟವಾಯಿತು.

"ತಿರುಪನ್ನು ಒಂದೇ ಒಂದು ಗೆರೆ ಇಳಿಸಲೇ, ಗುರುಗಳೇ? ಇಷ್ಟು ವಾಲಾಡುವುದಿಲ್ಲ."

ಗುರುಗಳು ಕಾರಿನಿಂದ ಕಣ್ಣು ತೆಗೆಯಲಿಲ್ಲ.

"ಬೇಡ. ವಾಲಾಡಲಿ. ನೀರಿನ ಹತ್ತಿರ ತಿರುಗಿದರೆ ಸಾಕು."